ಅರ್ಜಿಯಲ್ಲೊಂದು ಹೆಸರು

ನಮ್ಮಲ್ಲಿ ಬಳಕೆಯಲ್ಲಿರುವ ಎರಡು ಮಾತುಗಳಿವೆ: ಒಂದು ಶಿಫಾರಸು, ಇನ್ನೊಂದು ವಶೀಲಿ. ಮೊದಲನೆಯದನ್ನು ನಾವು ಹತ್ತು ಜನರ ಎದುರಿಗೆ ಹೇಳುತ್ತೇವೆ. ಎರಡನೆಯದನ್ನು ದನಿ ತಗ್ಗಿಸಿ ಹೇಳುತ್ತೇವೆ. ಕೆಲಸಕ್ಕೆ ಅರ್ಜಿ ಬರೆಯುವಾಗ ಪರಿಚಿತರೊಬ್ಬರ ಹೆಸರನ್ನು ಅದರಲ್ಲಿ ಕಾಣಿಸುವುದು ಇವೆರಡರಲ್ಲಿ ಯಾವುದಾದೀತು ಎಂದು ತರುಣರು ನನ್ನನ್ನು ಕೇಳುವುದುಂಟು. ಅರ್ಜಿಗಳನ್ನು ಓದುವ ಕೆಲಸವನ್ನು ಕೆಲವು ಕಾಲ ಮಾಡಿದವನಾದ್ದರಿಂದ, ಈ ವಿಷಯದಲ್ಲಿ ನನಗೆ ತೋರಿದ ನಾಲ್ಕು ಮಾತುಗಳನ್ನು ಹೇಳಬಯಸುತ್ತೇನೆ.

1912ರ ಫೆಬ್ರವರಿ 9ರಂದು ಮದರಾಸಿನ ತರುಣನೊಬ್ಬ ಅಲ್ಲಿಯ ಪೋರ್ಟ್ ಟ್ರಸ್ಟಿನ ಮುಖ್ಯ ಲೆಕ್ಕಾಧಿಕಾರಿಗೆ ಗುಮಾಸ್ತೆಯ ಕೆಲಸ ಬೇಡಿ ಅರ್ಜಿ ಬರೆದ. ತಾನು ಮೆಟ್ರಿಕ್ಯುಲೇಷನ್ ಮುಗಿಸಿ ಎಫ್.ಎ.ವರೆಗೆ ಓದಿದ್ದಾಗಿಯೂ, ಪ್ರತಿಕೂಲ ಸನ್ನಿವೇಶಗಳಿಂದ ಓದು ಮುಂದುವರಿಯಲಿಲ್ಲವೆಂದೂ, ಅಂದಿನಿಂದ ಗಣಿತದಲ್ಲಿಯೇ ಮುಳುಗಿರುವುದಾಗಿಯೂ ಅದರಲ್ಲಿ ತಿಳಿಸಿದ್ದ. ಪದವಿ ಇರಲಿಲ್ಲ. ಆದರೆ ಅರ್ಜಿಯೊಡನೆ ಪ್ರೆಸಿಡೆನ್ಸಿ ಕಾಲೇಜಿನ ಗಣಿತ ಪ್ರಾಧ್ಯಾಪಕ ಮಿಡಲ್‌ಮಾಸ್ಟ್ ಅವರ ಪತ್ರವೊಂದಿತ್ತು. ಗಣಿತದಲ್ಲಿ ಈತನ ಶಕ್ತಿ ಅಸಾಧಾರಣವೆಂದು ಅವರು ಬರೆದಿದ್ದರು. ಮಾರ್ಚ್ 1ರಿಂದ, ತಿಂಗಳಿಗೆ 30 ರೂಪಾಯಿ ಸಂಬಳದ ಮೇಲೆ, ಕೆಲಸ ದೊರೆಯಿತು. ಆ ತರುಣನೇ ಶ್ರೀನಿವಾಸ ರಾಮಾನುಜನ್.

ಇಲ್ಲಿ ಗಮನಿಸಬೇಕಾದುದು ಎರಡು ಅಂಶ. ಹೆಸರು ಕೊಟ್ಟವರು ಆ ವಿದ್ಯೆಯನ್ನು ಬಲ್ಲವರು. ಅವರ ಮಾತಿಗೆ ತೂಕ ಬಂದದ್ದು ಅದರಿಂದ. ಅರ್ಜಿ ಬರೆದವನಾದರೋ ಹೊಗಳಿಕೆಯನ್ನು ಅವರಿಗೆ ಬಿಟ್ಟು, ತನ್ನ ಸ್ಥಿತಿಯನ್ನು ತಾನೇ ನೇರವಾಗಿ ಹೇಳಿಕೊಂಡ.

‘ನಿಮ್ಮ ನಿರ್ದೇಶಕರು ನಮಗೆ ಬಹಳ ಬೇಕಾದವರು’ ಎಂದು ಒಬ್ಬ ಬರೆಯುತ್ತಾನೆ. ‘ನಿಮ್ಮಲ್ಲಿರುವ ಇಂಥವರು ಈ ಹುದ್ದೆಯ ಸಂಗತಿ ತಿಳಿಸಿದರು, ಅವರ ಕೈಕೆಳಗೆ ಎರಡು ವರ್ಷ ಲೆಕ್ಕ ಬರೆದಿದ್ದೇನೆ’ ಎಂದು ಇನ್ನೊಬ್ಬ ಬರೆಯುತ್ತಾನೆ. ಮೊದಲನೆಯದರಲ್ಲಿ ಬೆದರಿಕೆಯ ನೆರಳಿದೆ. ಎರಡನೆಯದು ಓದುವವನಿಗೆ ವಿಚಾರಿಸಿಕೊಳ್ಳಲು ಒಂದು ದಾರಿ ತೋರಿಸುತ್ತದೆ. ಆದ್ದರಿಂದ ಹೆಸರು ಪತ್ರದ ಆರಂಭದಲ್ಲಿಯೇ, ಒಂದೇ ವಾಕ್ಯದಲ್ಲಿ, ಪರಿಚಯ ಎಂಥದೆಂಬ ವಿವರದೊಡನೆ ಬರಲಿ. ಉಳಿದ ಪತ್ರ ನಿಮ್ಮ ಕೆಲಸದ್ದಾಗಿರಲಿ. ಅದಕ್ಕೂ ಮೊದಲು ಆ ವ್ಯಕ್ತಿಯ ಒಪ್ಪಿಗೆ ಪಡೆಯುವುದು ಅಗತ್ಯ. ನಾಳೆ ನೀವು ಕೆಲಸದಲ್ಲಿ ತಪ್ಪಿದರೆ ಅವರೂ ತಲೆ ತಗ್ಗಿಸಬೇಕಾಗುತ್ತದೆ.

ವಾಲ್ಮೀಕಿಯ ಹನುಮಂತನನ್ನು ನೆನೆಯಿರಿ. ಅಶೋಕವನದಲ್ಲಿ ಆತ ಉಂಗುರವನ್ನು ಮೊದಲಿಗೇ ಚಾಚಲಿಲ್ಲ. ರಾಮನ ಕಥೆ ಹೇಳಿದ. ಸೀತೆ ಕೇಳಿದಾಗ ರಾಮನ ಲಕ್ಷಣಗಳನ್ನು ವಿವರಿಸಿದ. ಆಮೇಲೆ ಉಂಗುರ ಕೊಟ್ಟ. ನಿಜವಾದ ಪರಿಚಯ ಹಿಂದಿದ್ದುದರಿಂದ ಮುದ್ರೆಗೆ ಬೆಲೆ ಬಂತು.

ಸರ್ಕಾರಿ ನೇಮಕದ ಮಾತು ಬೇರೆ. ಪ್ರಭಾವ ಬೀರಲೆತ್ನಿಸಿದರೆ ಅಭ್ಯರ್ಥಿ ಅನರ್ಹನಾಗುವನೆಂದು ಅಂಥ ಪ್ರಕಟಣೆಗಳಲ್ಲಿ ಸಾಮಾನ್ಯವಾಗಿ ಮುದ್ರಿತವಾಗಿರುತ್ತದೆ. ಅಲ್ಲಿ ಕೇಳಿದ ಕಡೆ ಕೇಳಿದಷ್ಟನ್ನೇ ಬರೆಯಬೇಕು.

ಇನ್ನು, ಹೇಳಿಕೊಳ್ಳಲು ಒಂದು ಹೆಸರೂ ಇಲ್ಲದವರ ಗತಿಯೇನು? ಮನೆತನದಲ್ಲಿ ಮೊದಲ ಬಾರಿಗೆ ಓದಿ ಪಟ್ಟಣಕ್ಕೆ ಬಂದ ಹುಡುಗಿಗೆ ಕಛೇರಿಗಳಲ್ಲಿ ಚಿಕ್ಕಪ್ಪಂದಿರಿರುವುದಿಲ್ಲ. ಕೆಲಸದ ಸುದ್ದಿ ಆಪ್ತರಿಗಿಂತ ಹೆಚ್ಚಾಗಿ ದೂರದ ಪರಿಚಿತರಿಂದ ಬರುವುದೆಂದು ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನದಲ್ಲಿ ತೋರಿಸಿದರು. ಇದು ಆಕೆಗೆ ಸ್ವಲ್ಪ ಧೈರ್ಯ ಕೊಡಬಹುದು: ಪಾಠ ಹೇಳಿದ ಅಧ್ಯಾಪಕರಾಗಲಿ, ಒಮ್ಮೆ ಕೆಲಸ ಕೊಟ್ಟು ನೋಡಿದ ಅಂಗಡಿಯ ಯಜಮಾನರಾಗಲಿ ಸಾಕು. ಆದರೆ ಹೆಚ್ಚಿನ ಹೊಣೆ ಹೆಸರುಳ್ಳ ನಮ್ಮದು. ನಮ್ಮ ಜಾತಿ, ನಮ್ಮ ಬೀದಿ, ನಮ್ಮ ನೆಂಟಸ್ತಿಕೆಗಳಾಚೆಗೂ, ಕೆಲಸವನ್ನು ಕಣ್ಣಾರೆ ಕಂಡ ಕಡೆಯಲ್ಲೆಲ್ಲ ಅದನ್ನು ಧಾರಾಳವಾಗಿ ಕೊಡಬೇಕು.

ಅದೇ ರಾಮಾನುಜನ್ 1913ರ ಜನವರಿಯಲ್ಲಿ ಕೇಂಬ್ರಿಜಿನ ಹಾರ್ಡಿಗೆ ಪತ್ರ ಬರೆದಾಗ ತನ್ನನ್ನು ಪೋರ್ಟ್ ಟ್ರಸ್ಟಿನ ಗುಮಾಸ್ತೆಯೆಂದೇ ಪರಿಚಯಿಸಿಕೊಂಡ. ಜೊತೆಗೆ ತನ್ನ ಸೂತ್ರಗಳನ್ನು ಕಳಿಸಿದ. ಹಾರ್ಡಿ ಅವನ್ನು ಓದಿದರು, ಲಿಟಲ್‌ವುಡ್ಡರೊಡನೆ ಕುಳಿತು ಪರಿಶೀಲಿಸಿದರು. ಅರ್ಜಿ ಓದುವ ಮೇಜಿನ ಮುಂದೆ ಕುಳಿತವರು, ಹೆಸರಿಲ್ಲದ ಕಾಗದವನ್ನೂ ಹಾಗೆಯೇ ಕೊನೆಯವರೆಗೆ ಓದಲಿ ಎಂಬುದು ನನ್ನ ವಿನಂತಿ.