ಬಿಟ್ಟುಹೋದವರ ಕರಾವಳಿ



ಐರ್ಲೆಂಡಿನ ಕಡಲತೀರ ಸುತ್ತಿಬಂದೆವು ಅಂದ ತಕ್ಷಣ ಜನ ಕೇಳುವುದು, ಮೋಹರ್ ಬಂಡೆಗಳನ್ನು ನೋಡಿದಿರಾ ಅಂತ. ನೋಡಿದೆವು. 214 ಮೀಟರ್ ಎತ್ತರದಿಂದ ನೆಟ್ಟಗೆ ಕಡಲಿಗೆ ಇಳಿದ ಕಲ್ಲುಗೋಡೆ, ಚೆನ್ನಾಗಿದೆ. ಪ್ರವಾಸಿ ಬಸ್ಸುಗಳ ಸಾಲೂ ಉದ್ದವಾಗಿದೆ. ಇನ್ನೂ ಉತ್ತರಕ್ಕೆ, ಡೊನೆಗಲ್ ಕೌಂಟಿಯ ಸ್ಲೀವ್ ಲೀಗ್ 601 ಮೀಟರ್, ಮೋಹರಿನ ಮೂರು ಪಟ್ಟಿಗೆ ಸ್ವಲ್ಪ ಕಡಿಮೆ. ಅಲ್ಲಿ ನಮ್ಮ ಜೊತೆಗಿದ್ದದ್ದು ಹೆಚ್ಚಾಗಿ ಕುರಿಗಳೇ. ಎತ್ತರದ ಲೆಕ್ಕ ಇಷ್ಟು ಸಾಕು.

ಪಶ್ಚಿಮ ಕರಾವಳಿಯ ಉದ್ದಕ್ಕೂ ಸುಮಾರು 2,500 ಕಿಲೋಮೀಟರ್ ದಾರಿಗೆ 2014ರಲ್ಲಿ ‘ವೈಲ್ಡ್ ಅಟ್ಲಾಂಟಿಕ್ ವೇ’ ಅಂತ ಹೆಸರಿಟ್ಟರು. ಡೊನೆಗಲ್‌ನಿಂದ ಕಾರ್ಕ್ ಕೌಂಟಿಯ ಕಿನ್‌ಸೇಲ್‌ವರೆಗೆ. ನಾವು ಬಾಡಿಗೆ ಕಾರಿನಲ್ಲಿ ದಕ್ಷಿಣದಿಂದ ಮೇಲಕ್ಕೆ ಹೋದೆವು. ನಮ್ಮಂತೆ ಅಲ್ಲೂ ಎಡಬದಿಯ ಸಂಚಾರ, ಆ ತಾಪತ್ರಯವಿಲ್ಲ. ಆದರೆ ಒಳದಾರಿಗಳಲ್ಲಿ ಎರಡೂ ಕಡೆ ಕಲ್ಲಿನ ಪಾಗಾರ, ನಡುವೆ ಹುಲ್ಲು ಬೆಳೆದ ಡಾಂಬರು. ಎದುರಿನಿಂದ ಟ್ರ್ಯಾಕ್ಟರ್ ಬಂದರೆ ಯಾರಾದರೊಬ್ಬರು ಹಿಂದೆ ಸರಿಯಬೇಕು. ಸರಿದವರಿಗೆ ಸ್ಟೀರಿಂಗ್ ಮೇಲಿನ ಒಂದೇ ಬೆರಳು ಎತ್ತಿ ನಮಸ್ಕಾರ. ಎರಡು ದಿನದಲ್ಲಿ ನಮ್ಮ ಬೆರಳೂ ತಾನಾಗಿ ಏಳತೊಡಗಿತು.

ದಕ್ಷಿಣದಿಂದ ಹೊರಟದ್ದು ಒಳ್ಳೆಯದಾಯಿತು. ಈ ಕರಾವಳಿಯ ಕಥೆ ಅಲ್ಲಿನ ರೇವಿನಲ್ಲೇ ಶುರುವಾಗುತ್ತದೆ, ಅದು ಬಿಟ್ಟುಹೋದವರ ಕಥೆ. ಕಾರ್ಕ್ ಬಂದರಿನ ಕೋವ್ ಎಂಬ ಊರಿಗೆ ಬ್ರಿಟಿಷರ ಕಾಲದಲ್ಲಿ ಕ್ವೀನ್ಸ್‌ಟೌನ್ ಅಂತ ಹೆಸರು. ಟೈಟಾನಿಕ್ ಕೊನೆಯ ಬಾರಿ ಲಂಗರು ಹಾಕಿದ್ದು ಇಲ್ಲೇ, 1912ರ ಏಪ್ರಿಲ್ 11ರಂದು. ಊರಿನ ಅಂಗಡಿಗಳೆಲ್ಲ ಆ ಹಡಗಿನ ಹೆಸರನ್ನೇ ಮಾರುತ್ತವೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು ಬೇರೆ: 1848ರಿಂದ 1950ರ ತನಕ ಈ ಒಂದು ರೇವಿನಿಂದ ಸುಮಾರು 25 ಲಕ್ಷ ಜನ ದೇಶ ಬಿಟ್ಟರು. 1845ರಲ್ಲಿ ಆಲೂಗಡ್ಡೆ ಬೆಳೆಗೆ ಕೊಳೆರೋಗ ಬಿದ್ದು ಶುರುವಾದ ಕ್ಷಾಮದಲ್ಲಿ ಹತ್ತು ಲಕ್ಷ ಜನ ಸತ್ತು, ಅಷ್ಟೇ ಜನ ಹಡಗು ಹತ್ತಿದ್ದರು. ಅಮೆರಿಕಕ್ಕೆ ಹೊರಟ ಮಗನಿಗೋ ಮಗಳಿಗೋ ಹಿಂದಿನ ರಾತ್ರಿ ಮನೆಯಲ್ಲಿ ನಡೆಯುತ್ತಿದ್ದ ಕೂಟವನ್ನು ‘ಅಮೆರಿಕನ್ ವೇಕ್’ ಎನ್ನುತ್ತಿದ್ದರು. ಹೆಣ ಕಾಯುವ ರಾತ್ರಿಯ ಹಾಗೆಯೇ ಹಾಡು, ಕುಡಿತ, ಅಳು. ಹೋದವರು ಮತ್ತೆ ಬರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು.

ಅಲ್ಲಿಂದ ಪಶ್ಚಿಮಕ್ಕೆ, ಅಹಕಿಸ್ತ ಎಂಬ ಪುಟ್ಟ ಹಳ್ಳಿ. ಭಾರತದಿಂದ ಹೋದವರು ಅಲ್ಲಿ ಕಾರು ನಿಲ್ಲಿಸಲೇಬೇಕು. 1985ರ ಜೂನ್ 23ರ ಬೆಳಿಗ್ಗೆ ಏರ್ ಇಂಡಿಯಾದ ‘ಕನಿಷ್ಕ’ ವಿಮಾನ ಬಾಂಬಿಗೆ ಸಿಡಿದು ಈ ತೀರದಾಚೆಯ ಕಡಲಿಗೆ ಬಿತ್ತು. 329 ಜನ. ಹೆಚ್ಚಿನವರು ಕೆನಡಾದಲ್ಲಿ ನೆಲೆಸಿದ್ದ ಭಾರತೀಯ ಮೂಲದವರು; ರಜೆಗೆಂದು ಮಕ್ಕಳನ್ನು ಕರೆದುಕೊಂಡು ಹೊರಟವರು. ಸಿಕ್ಕಿದ ದೇಹಗಳು 131. ಅವುಗಳನ್ನು ಕಾರ್ಕ್ ಆಸ್ಪತ್ರೆಗೆ ತಂದರು, ಬಂಧುಗಳು ಗುರುತು ಹಿಡಿಯಲು ಅಲ್ಲಿಗೇ ಬಂದರು. ಗುರುತು ಪರಿಚಯವಿಲ್ಲದ ಊರಿನ ಜನ ಅವರನ್ನು ಮನೆಯವರಂತೆ ನೋಡಿಕೊಂಡರು. ಮರುವರ್ಷವೇ ಅಹಕಿಸ್ತದ ಕಡಲಂಚಿನಲ್ಲಿ ಸ್ಮಾರಕವಾಯಿತು: ಒಂದು ನೆರಳುಗಡಿಯಾರ, ಕಲ್ಲಿನ ಗೋಡೆಯ ಮೇಲೆ ಹೆಸರುಗಳು, ಸುತ್ತ ಹೂಗಿಡ. ನಾವು ನಿಂತು ಹೆಸರು ಓದಿದೆವು. ಒಂದೇ ಅಡ್ಡಹೆಸರು ಮತ್ತೆ ಮತ್ತೆ ಬರುತ್ತದೆ, ಮನೆಮನೆಯೇ ಹೋಗಿದೆ. ಪ್ರತಿವರ್ಷ ಆ ದಿನ, ಅದೇ ಹೊತ್ತಿಗೆ ಜನ ಇಲ್ಲಿ ಸೇರುತ್ತಾರೆ, ಹಳ್ಳಿಯವರೂ ಇರುತ್ತಾರೆ. ನಮ್ಮ ನೂರಾರು ಜನರನ್ನು ಇಷ್ಟು ಶ್ರದ್ಧೆಯಿಂದ ನೆನೆಯುವ ಊರು ಭಾರತದಲ್ಲೇ ಇದೆಯೇ? ನನಗೆ ಅನುಮಾನ.

ಕೆರಿ ಕೌಂಟಿಯ ಡಿಂಗಲ್ ಪರ್ಯಾಯದ್ವೀಪದ ತುದಿಯಲ್ಲಿ ಡನ್‌ಕ್ವಿನ್. ಎದುರಿಗೇ ಗ್ರೇಟ್ ಬ್ಲಾಸ್ಕೆಟ್ ದ್ವೀಪ, ಕರೆದರೆ ಕೇಳಿಸೀತು ಅನ್ನಿಸುವಷ್ಟು ಹತ್ತಿರ. ನಾವು ಹೋದ ದಿನ ಅಲೆ ಜೋರಾಗಿತ್ತು, ದೋಣಿ ಬಿಡಲಿಲ್ಲ. ಈ ಸಣ್ಣ ಅಂತರವೇ ದ್ವೀಪವನ್ನು ಖಾಲಿ ಮಾಡಿದ್ದು. 1947ರಲ್ಲಿ ಅಲ್ಲೊಬ್ಬ ಯುವಕ ಕಾಯಿಲೆ ಬಿದ್ದ; ಬಿರುಗಾಳಿಯಲ್ಲಿ ವೈದ್ಯರನ್ನೂ ಪಾದ್ರಿಯನ್ನೂ ಕರೆತರಲಾಗದೆ ತೀರಿಕೊಂಡ. ದ್ವೀಪದವರು ಸರ್ಕಾರಕ್ಕೆ ಮೊರೆಯಿಟ್ಟರು. ಕೊನೆಗೆ 1953ರಲ್ಲಿ, ಉಳಿದ ಬೆರಳೆಣಿಕೆಯ ಜನರನ್ನು ದಡಕ್ಕೆ ಕರೆತರಲಾಯಿತು.

ಆದರೆ ಎಂದೂ ಇನ್ನೂರು ಜನವನ್ನು ಕಾಣದ ಈ ದ್ವೀಪದಿಂದ ಐರಿಷ್ ಭಾಷೆಗೆ ಸಿಕ್ಕ ಪುಸ್ತಕಗಳನ್ನು ನೋಡಿ. ತೊಮಾಸ್ ಓ ಕ್ರೋಹನ್ ಮೀನುಗಾರ. ದ್ವೀಪಕ್ಕೆ ಬಂದ ಗೆಳೆಯನೊಬ್ಬ ಅವನಿಗೆ ಗಾರ್ಕಿಯನ್ನು ಓದಿ ಹೇಳಿ, ನೀನೂ ನಿನ್ನ ಬದುಕು ಬರೆ ಎಂದು ಬೆನ್ನು ಹತ್ತಿದ. 1929ರಲ್ಲಿ ಆತ್ಮಕಥೆ ಬಂತು. ಮೊರಿಸ್ ಓ ಸಲಿವನ್‌ನದು 1933ರಲ್ಲಿ. ಪೆಗ್ ಸೇಯರ್ಸ್‌ಳ ಬಾಯಲ್ಲಿ ನೂರಾರು ಕಥೆಗಳು, ಆದರೆ ತನ್ನ ನುಡಿಯನ್ನು ಬರೆಯಲು ಬಾರದು. ಆಕೆ ಹೇಳಿದ್ದನ್ನು ಮಗ ಬರೆದುಕೊಂಡ; 1936ರಲ್ಲಿ ಪುಸ್ತಕವಾಯಿತು. ಮುಂದೆ ಅದು ಶಾಲೆಗಳಲ್ಲಿ ಪಠ್ಯವಾಗಿ, ಮಕ್ಕಳ ತಲೆಮಾರುಗಳೇ ಆಕೆಯನ್ನು ಶಪಿಸಿದವು ಅನ್ನುತ್ತಾರೆ. ಪಠ್ಯವಾದ ಒಳ್ಳೆಯ ಪುಸ್ತಕಗಳ ಹಣೆಬರಹ ನಮಗೂ ಹೊಸದಲ್ಲ ಬಿಡಿ. ದೋಣಿಯಿಲ್ಲದ ಆ ದಿನವನ್ನು ದಡದಲ್ಲಿರುವ ಬ್ಲಾಸ್ಕೆಟ್ ಕೇಂದ್ರದಲ್ಲಿ ಕಳೆದೆವು.

ಕೊನೆಗೆ ಉತ್ತರದ ಆಂಟ್ರಿಮ್. ಗಡಿಯಲ್ಲಿ ಠಾಣೆಯಿಲ್ಲ; ವೇಗದ ಫಲಕ ಮೈಲಿಗೆ ತಿರುಗಿದಾಗ ಬ್ರಿಟನ್ನಿನ ಆಡಳಿತಕ್ಕೆ ಬಂದೆವೆಂದು ಗೊತ್ತಾಗುತ್ತದೆ. ಅಲ್ಲಿಯ ಜೈಂಟ್ಸ್ ಕಾಸ್‌ವೇಯಲ್ಲಿ ಸುಮಾರು 40,000 ಕಂಬಕಲ್ಲುಗಳು, ಹೆಚ್ಚಿನವು ಆರು ಮುಖದವು. ಲಾವಾ ಆರುತ್ತ ಕುಗ್ಗಿ ಬಿರುಕು ಬಿಟ್ಟು ಆದದ್ದು, ಸುಮಾರು 6 ಕೋಟಿ ವರ್ಷದ ಹಿಂದೆ. ನಮ್ಮ ಮಲ್ಪೆಯೆದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಳಿಗೆ 8 ಕೋಟಿ ದಾಟಿದ ವಯಸ್ಸು, ವಿಸ್ತಾರ ಕಡಿಮೆ ಅಷ್ಟೇ. ಉಡುಪಿಯವರು ಕಂಬಕಲ್ಲಿಗಾಗಿಯೇ ಅಷ್ಟು ದೂರ ಹೋಗಬೇಕಿಲ್ಲ. ರಜೆ ಕಡಿಮೆಯಿದ್ದರೆ ಆಂಟ್ರಿಮ್ ಕೈಬಿಡಿ. ಆ ದಿನಗಳನ್ನು ಡನ್‌ಕ್ವಿನ್‌ಗೆ ಕೊಡಿ, ದೋಣಿ ಹೊರಡುವ ತನಕ ಕಾಯಬಹುದು.