ಇಟಲಿಯ ಹಳ್ಳಿಗಾಡಿನಲ್ಲಿ ಒಳ್ಳೆಯ ಊಟ ಎಲ್ಲಿ ಸಿಗುತ್ತದೆ?

(ವಿದೇಶ ಪ್ರವಾಸಕ್ಕೆ ಹೊರಡುವ ರೈತರಿಗಾಗಿ ನೀಡಿದ ಭಾಷಣ)



ವಿದೇಶ ಪ್ರವಾಸವೆಂದರೆ ಹಿಂದೆ ಎಲ್ಲೋ ಊರಿಗೊಬ್ಬರ ಮಾತಾಗಿತ್ತು. ಈಗ ಹಾಗಿಲ್ಲ. ಓದಿಗೋ ಕೆಲಸಕ್ಕೋ ಯೂರೋಪಿಗೆ ಹೋದ ಮಕ್ಕಳನ್ನು ನೋಡಿಬರಲು, ಇಲ್ಲವೇ ಅಧ್ಯಯನ ಪ್ರವಾಸಕ್ಕೆಂದು ರೈತ ಕುಟುಂಬದವರೂ ಹೊರಡುತ್ತಿದ್ದಾರೆ. ಇಟಲಿಗೆ ಹೋದವರು ಸಾಮಾನ್ಯವಾಗಿ ರೋಮ್, ವೆನಿಸ್, ಫ್ಲಾರೆನ್ಸ್ ನಗರಗಳನ್ನು ನೋಡಿ, ಅಲ್ಲಿನ ದೊಡ್ಡ ಚೌಕಗಳ ಹೋಟೆಲುಗಳಲ್ಲಿ ದುಬಾರಿ ಊಟ ಮಾಡಿ ಹಿಂದಿರುಗುತ್ತಾರೆ. ಆ ಊಟಕ್ಕೆ ಬೇಕಾದ ಗೋಧಿ, ಹಾಲು, ಎಣ್ಣೆ ಎಲ್ಲಿಂದ ಬಂತು ಎಂಬುದು ಅವರಿಗೆ ತಿಳಿಯುವುದೇ ಇಲ್ಲ. ರೈತರಾದ ನಾವು ಹಾಗೆ ಬರಬಾರದು.

ಇಟಲಿಯಲ್ಲಿ ಬೆಳೆಯುವವನ ಮನೆಯಲ್ಲೇ ಕುಳಿತು ಉಣ್ಣುವುದು ಕಷ್ಟವೇನಲ್ಲ. ರೈತನೇ ಪ್ರವಾಸಿಗರಿಗೆ ಊಟ ಬಡಿಸುವ, ಉಳಿಯಲು ಕೋಣೆ ಕೊಡುವ ವ್ಯವಸ್ಥೆ ಅಲ್ಲಿ ಕಾನೂನಿನ ಆಧಾರದ ಮೇಲೆ ನಡೆಯುತ್ತಿದೆ. ಇದನ್ನು ಅವರು 'ಆಗ್ರಿತುರಿಸ್ಮೊ' ಎನ್ನುತ್ತಾರೆ. ನಾವು ಇದನ್ನು 'ಹೊಲದ ಮನೆ' ಎಂದು ಕರೆಯೋಣ. ಇಂಥ ಮನೆಗಳು ದೇಶದಲ್ಲಿ 25 ಸಾವಿರಕ್ಕೂ ಹೆಚ್ಚಿವೆ. ಸುಮಾರು ಅರ್ಧದಷ್ಟರಲ್ಲಿ ಊಟದ ಏರ್ಪಾಡಿದೆ. ಸುಮಾರು ಮೂರರಲ್ಲಿ ಒಂದು ಮನೆಯನ್ನು ನಡೆಸುವವರು ಮಹಿಳೆಯರು.

ಹೊಲದ ಮನೆ ಹುಟ್ಟಿದ್ದು ಹೇಗೆ?

ಎರಡನೇ ಮಹಾಯುದ್ಧದ ನಂತರ ಇಟಲಿಯಲ್ಲಿ ಕಾರ್ಖಾನೆಗಳು ಬೆಳೆದವು. ಗುಡ್ಡಗಾಡಿನ ಸಣ್ಣ ರೈತರು ಹೊಲ ಬಿಟ್ಟು ಮಿಲಾನ್, ಟ್ಯೂರಿನ್ ನಗರಗಳಿಗೆ ಗುಳೆ ಹೋದರು. ಟಸ್ಕನಿ, ಉಂಬ್ರಿಯಾ ಮುಂತಾದ ಪ್ರಾಂತ್ಯಗಳಲ್ಲಿ ಬಂದ ಫಸಲನ್ನು ಧಣಿಯೂ ಒಕ್ಕಲೂ ಹಂಚಿಕೊಳ್ಳುವ ಪದ್ಧತಿ ಶತಮಾನಗಳಿಂದ ಇತ್ತು. ನಮ್ಮಲ್ಲಿ ವಾರ ಅಥವಾ ಕೋರು ಎನ್ನುವ ಪದ್ಧತಿಯನ್ನು ಇದು ಹೋಲುತ್ತದೆ. 1964ರ ಕಾನೂನು ಹೊಸದಾಗಿ ಇಂಥ ಕರಾರು ಮಾಡಿಕೊಳ್ಳುವುದನ್ನು ನಿಷೇಧಿಸಿತು. ಒಕ್ಕಲುಗಳು ಹೊರಟುಹೋದ ಮೇಲೆ ಕಲ್ಲಿನ ದೊಡ್ಡ ದೊಡ್ಡ ಮನೆಗಳು ಬಾಗಿಲು ಹಾಕಿಕೊಂಡು ನಿಂತವು.

ಉಳಿದ ರೈತರಿಗೆ ಬೆಳೆಯೊಂದರಿಂದಲೇ ಸಂಸಾರ ತೂಗಿಸುವುದು ಕಷ್ಟವಾಯಿತು. ಪಟ್ಟಣದವರಿಗೋ ಹಳ್ಳಿಯ ಗಾಳಿ, ಹಳ್ಳಿಯ ಊಟ ಬೇಕಾಗಿತ್ತು. ಈ ಇಬ್ಬರನ್ನೂ ಕೂಡಿಸುವ ಉದ್ದೇಶದಿಂದ 1965ರಲ್ಲಿ 'ಆಗ್ರಿತುರಿಸ್ತ್' ಎಂಬ ರಾಷ್ಟ್ರೀಯ ಸಂಘ ಸ್ಥಾಪನೆಯಾಯಿತು. ಇಪ್ಪತ್ತು ವರ್ಷಗಳ ನಂತರ, 1985ರಲ್ಲಿ, ಇದಕ್ಕಾಗಿಯೇ ರಾಷ್ಟ್ರೀಯ ಕಾನೂನು ಬಂತು. 2006ರಲ್ಲಿ ಅದರ ಬದಲು ಹೊಸ ಕಾನೂನನ್ನು ಜಾರಿಗೊಳಿಸಲಾಯಿತು.

ಬೇಸಾಯ ಮೊದಲು, ಅತಿಥಿ ನಂತರ

ಈ ಕಾನೂನಿನ ಕೆಲವು ಅಂಶಗಳನ್ನು ನಾವು ಗಮನವಿಟ್ಟು ನೋಡಬೇಕು. ಒಳ್ಳೆಯ ಊಟ ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಇವುಗಳಲ್ಲೇ ಇದೆ.

1. ಬೇಸಾಯವೇ ಮುಖ್ಯ ಕಸುಬಾಗಿರಬೇಕು. ಅತಿಥಿ ಸತ್ಕಾರ ಅದಕ್ಕೆ ಜೋಡಿಕೊಂಡ ಉಪಕಸುಬು ಮಾತ್ರ. ಮುಖ್ಯವಾಗಿ ಯಾವ ಕೆಲಸಕ್ಕೆ ಎಷ್ಟು ಸಮಯ ಹೋಗುತ್ತದೆ ಎಂಬುದರ ಮೇಲೆ ಇದನ್ನು ಲೆಕ್ಕ ಹಾಕಲಾಗುತ್ತದೆ. ಹತ್ತು ಅತಿಥಿಗಳವರೆಗೆ ಇರುವ ಸಣ್ಣ ಮನೆಗಳಿಗೆ ಈ ಲೆಕ್ಕದ ತೊಡಕಿಲ್ಲ.

2. ಹೊಲದಲ್ಲಿ ಈಗಾಗಲೇ ಇರುವ ಕಟ್ಟಡಗಳನ್ನು ಬಳಸಬೇಕು. ಕೊಟ್ಟಿಗೆ, ಕಣಜ, ಹಳೆಯ ಒಕ್ಕಲುಮನೆಗಳನ್ನು ದುರಸ್ತಿ ಮಾಡಿಕೊಳ್ಳಬಹುದು.

3. ಬಡಿಸುವ ಪದಾರ್ಥಗಳು ಬಹುಪಾಲು ಸ್ವಂತ ಹೊಲದವು ಮತ್ತು ಸುತ್ತಮುತ್ತಲ ರೈತರವು ಆಗಿರಬೇಕು. ಯಾವುದು ಎಷ್ಟಿರಬೇಕೆಂಬುದನ್ನು ಆಯಾ ಪ್ರಾಂತ್ಯ ಗೊತ್ತುಪಡಿಸುತ್ತದೆ.

4. ಈ ನಿಯಮಗಳಿಗೆ ಒಳಪಟ್ಟವರು ಮಾತ್ರ 'ಆಗ್ರಿತುರಿಸ್ಮೊ' ಎಂಬ ಹೆಸರನ್ನು ಬಳಸಬಹುದು.

ಇಷ್ಟೊಂದು ಕಟ್ಟುಪಾಡು ಏಕೆ ಎಂದು ನೀವು ಕೇಳಬಹುದು. ಒಂದು ಮೂಟೆ ಗೋಧಿಗಿಂತ ಒಬ್ಬ ಅತಿಥಿಯಿಂದ ಬರುವ ಹಣ ಹೆಚ್ಚಾದಾಗ, ಹೊಲ ಬೀಳುಬಿಟ್ಟು ಮನೆಯನ್ನು ವಸತಿಗೃಹ ಮಾಡಿಬಿಡುವ ಆಸೆ ಯಾರಿಗಾದರೂ ಬರುತ್ತದೆ. ಆಗ ತಟ್ಟೆಗೆ ಬರುವ ತರಕಾರಿ ಪೇಟೆಯ ಲಾರಿಯಿಂದ ಇಳಿದದ್ದಾಗುತ್ತದೆ. ಕ್ರಮೇಣ ಅತಿಥಿಯೂ ಬರುವುದನ್ನು ನಿಲ್ಲಿಸುತ್ತಾನೆ. ಆದ್ದರಿಂದ ಹೊಲ ಉಳಿದರೆ ಮಾತ್ರ ಊಟ ಉಳಿಯುತ್ತದೆ ಎಂಬ ಲೆಕ್ಕಾಚಾರ ಈ ಕಾನೂನಿನ ಹಿಂದಿದೆ.

ನಿಜವಾದ ಹೊಲದ ಮನೆಯನ್ನು ಗುರುತಿಸುವುದು ಹೇಗೆ?

ಹೆಸರಿನ ಫಲಕವೊಂದನ್ನೇ ನಂಬಿ ಒಳಗೆ ಹೋಗಬೇಕಾಗಿಲ್ಲ. ರೈತನ ಕಣ್ಣು ನಿಮಗಿದೆ, ಅದನ್ನು ಬಳಸಿ. ಮನೆಯ ಹಿಂದೆ ಕೈತೋಟ ಇದೆಯೇ, ಕೊಟ್ಟಿಗೆಯಲ್ಲಿ ದನ, ಕುರಿ, ಕೋಳಿ ಇವೆಯೇ, ಟ್ರ್ಯಾಕ್ಟರಿನ ಚಕ್ರಕ್ಕೆ ಮಣ್ಣು ಮೆತ್ತಿದೆಯೇ ನೋಡಿ.

ಊಟದ ಪಟ್ಟಿ ಚಿಕ್ಕದಾಗಿದ್ದರೆ ಅದು ಒಳ್ಳೆಯ ಲಕ್ಷಣ. ಅನೇಕ ಕಡೆ ಪಟ್ಟಿಯೇ ಇರುವುದಿಲ್ಲ, ಆ ದಿನ ಮಾಡಿದ್ದನ್ನು ಬಡಿಸುತ್ತಾರೆ. ಜನವರಿಯ ಚಳಿಯಲ್ಲಿ ತಾಜಾ ಟೊಮೆಟೊ ಕೋಸಂಬರಿ ಬಂದರೆ ಅದು ಆ ಹೊಲದ್ದಲ್ಲವೆಂದು ತಿಳಿಯಿರಿ. 2013ರಿಂದ ವಸತಿಯುಳ್ಳ ಮನೆಗಳಿಗೆ ಒಂದರಿಂದ ಐದರವರೆಗೆ ಸೂರ್ಯಕಾಂತಿ ಹೂವಿನ ಗುರುತು ಕೊಡುವ ಪದ್ಧತಿ ಬಂದಿದೆ. ಇದು ಮುಖ್ಯವಾಗಿ ಸೌಕರ್ಯ ಮತ್ತು ಸೇವೆಗಳ ಅಳತೆ. ಎರಡು ಹೂವಿನ ಮನೆಯಲ್ಲೂ ಅಜ್ಜಿ ನಾದಿದ ಹಿಟ್ಟಿನ ಊಟ ಸೊಗಸಾಗಿರಬಹುದು.

ಉತ್ತರದಿಂದ ದಕ್ಷಿಣಕ್ಕೆ

ಈಗ ಯಾವ ಸೀಮೆಯಲ್ಲಿ ಏನು ಉಣ್ಣಬಹುದೆಂದು ನೋಡೋಣ. ಉತ್ತರದ ತುದಿಯಲ್ಲಿ, ಆಲ್ಪ್ಸ್ ಪರ್ವತದ ಮಡಿಲಲ್ಲಿ, ದಕ್ಷಿಣ ಟಿರೋಲ್ ಇದೆ. ಅಲ್ಲಿನ ಬಹುಪಾಲು ಜನ ಜರ್ಮನ್ ಮಾತನಾಡುತ್ತಾರೆ. ಜಮೀನು ತುಂಡಾಗದಂತೆ ಇಡೀ ಹಿಡುವಳಿಯನ್ನು ಒಬ್ಬನೇ ವಾರಸುದಾರನಿಗೆ ಕೊಡುವ ಕಾನೂನು ಅಲ್ಲಿ ಇಂದಿಗೂ ಇದೆ. ಶರತ್ಕಾಲದಲ್ಲಿ ರೈತರ ಮನೆಗಳಲ್ಲಿ ಸುಟ್ಟ ಚೆಸ್ಟ್‌ನಟ್ ಕಾಯಿ, ಹೊಸ ದ್ರಾಕ್ಷಾರಸ, ಹಳೆಯ ಬ್ರೆಡ್ಡನ್ನು ನೆನೆಸಿ ಮಾಡಿದ ಉಂಡೆಗಳು ದೊರೆಯುತ್ತವೆ.

ಕೆಳಗಿಳಿದರೆ ಪೊ ನದಿಯ ಬಯಲು. ಭತ್ತ ಬೆಳೆಯುವವರು ವೆರ್ಚೆಲ್ಲಿ, ನೊವಾರಾ ಸೀಮೆಗಳನ್ನು ತಪ್ಪದೆ ನೋಡಬೇಕು. ಯೂರೋಪಿನಲ್ಲಿ ಅತಿ ಹೆಚ್ಚು ಭತ್ತ ಬೆಳೆಯುವ ದೇಶ ಇಟಲಿ. 1866ರಲ್ಲಿ ತೆರೆದ ಕಾವೂರ್ ಕಾಲುವೆಯ ನೀರು ಈ ಗದ್ದೆಗಳಿಗೆ ಹರಿಯುತ್ತದೆ. ಕಳೆನಾಶಕಗಳು ಬರುವ ಮೊದಲು ಸಾವಿರಾರು ಹೆಂಗಸರು ಮೊಣಕಾಲುದ್ದ ನೀರಿನಲ್ಲಿ ನಿಂತು ಇಲ್ಲಿ ಕಳೆ ಕೀಳುತ್ತಿದ್ದರು. ಇಲ್ಲಿಯ ದಪ್ಪ ಅಕ್ಕಿಯಿಂದ ಮಾಡುವ 'ರಿಸೊತ್ತೊ' ನಮ್ಮ ಅನ್ನದಂತೆ ಉದುರಾಗಿರದೆ ಬೆಣ್ಣೆ, ಚೀಸ್ ಬೆರೆತು ಮುದ್ದೆಯಾಗಿರುತ್ತದೆ. ಆದರೆ ಕಾಳಿನ ನಡುವೆ ಸ್ವಲ್ಪ ಗಟ್ಟಿತನ ಉಳಿದಿರಬೇಕು.

ಇದೇ ಬಯಲಿನಲ್ಲಿ ಮುಸುಕಿನ ಜೋಳದ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ಕೋಲಿನಿಂದ ತಿರುವಿ 'ಪೊಲೆಂತಾ' ಮಾಡುತ್ತಾರೆ. ಮುದ್ದೆ ಉಂಡವರಿಗೆ ಇದು ಹೊಸದೆನಿಸದು. ಇದರ ಹಿಂದೆ ಒಂದು ಕಹಿ ಪಾಠವೂ ಇದೆ. 18 ಮತ್ತು 19ನೇ ಶತಮಾನಗಳಲ್ಲಿ ಇದನ್ನೇ ಮೂರು ಹೊತ್ತೂ ತಿಂದ ಬಡವರಿಗೆ ಪೆಲಾಗ್ರ ರೋಗ ಬಂದು ಚರ್ಮ ಒಡೆಯಿತು, ಬುದ್ಧಿ ಕೆಟ್ಟಿತು, ಅನೇಕರು ಸತ್ತರು. ನಯಾಸಿನ್ ಎಂಬ ಜೀವಸತ್ವದ ಕೊರತೆ ಇದಕ್ಕೆ ಕಾರಣ. ಇಂದು ಪೊಲೆಂತಾದ ಜೊತೆಗೆ ಚೀಸ್, ಅಣಬೆ, ಕಾಳುಗಳನ್ನು ಬಡಿಸುತ್ತಾರೆ.

ಹೈನುಗಾರರು ಪಾರ್ಮಾ, ರೆಜ್ಜೊ ಎಮಿಲಿಯಾ ಸೀಮೆಯ ಚೀಸ್ ಮನೆಗಳಿಗೆ ಬೆಳಿಗ್ಗೆಯೇ ಹೋಗಬೇಕು. ಏಕೆಂದರೆ ಕೆಲಸ ನಡೆಯುವುದು ಆಗಲೇ. ರಾತ್ರಿಯ ಹಾಲಿನ ಕೆನೆ ತೆಗೆದು, ಬೆಳಗಿನ ಗಟ್ಟಿ ಹಾಲು ಬೆರೆಸಿ, ತಾಮ್ರದ ಕೊಪ್ಪರಿಗೆಗಳಲ್ಲಿ 'ಪಾರ್ಮಿಜಾನೊ ರೆಜ್ಜಾನೊ' ತಯಾರಿಸುತ್ತಾರೆ. ಸುಮಾರು 40 ಕಿಲೋ ತೂಕದ ಒಂದು ಗಾಲಿಗೆ ಸುಮಾರು 550 ಲೀಟರ್ ಹಾಲು ಬೇಕು. ಕನಿಷ್ಠ 12 ತಿಂಗಳು ಅದು ಹಣ್ಣಾಗಬೇಕು. ಈ ಹಸುಗಳಿಗೆ ರಸಮೇವು ಹಾಕುವಂತಿಲ್ಲ, ಹುಲ್ಲು ಮತ್ತು ಒಣಹುಲ್ಲೇ ಮುಖ್ಯ ಮೇವು. ರಸಮೇವಿನ ಮೂಲಕ ಹಾಲಿಗೆ ಸೇರುವ ಕೆಲವು ಅಣುಜೀವಿಗಳು ಹಣ್ಣಾಗುವ ಚೀಸನ್ನು ಉಬ್ಬಿಸಿ ಕೆಡಿಸುತ್ತವೆ. ಉಳಿದ ತಿಳಿಯನ್ನು ಮತ್ತೆ ಕಾಯಿಸಿದರೆ ಮೆತ್ತನೆಯ 'ರಿಕೊತ್ತಾ' ಬರುತ್ತದೆ. ಅದನ್ನು ಬಿಸಿಯಾಗಿರುವಾಗಲೇ ತಿನ್ನಬೇಕು. ಈ ಬಯಲಿನ ಕೊಟ್ಟಿಗೆಗಳಲ್ಲಿ ಪಂಜಾಬಿನಿಂದ ಹೋಗಿ ನೆಲೆಸಿದ ಅನೇಕರು ದುಡಿಯುತ್ತಿದ್ದಾರೆ. ಹಿಂದಿ ಬಲ್ಲವರಿಗೆ ಅಲ್ಲಿ ಮಾತಿಗೆ ಜನ ಸಿಕ್ಕಾರು.

ಟಸ್ಕನಿಯಲ್ಲಿ ಹೊಲದ ಮನೆಗಳ ಸಂಖ್ಯೆ ಎಲ್ಲಕ್ಕಿಂತ ಹೆಚ್ಚು. ಅಲ್ಲಿಯ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ. ತಂಗಳು ಬ್ರೆಡ್, ಕಪ್ಪು ಎಲೆಕೋಸು, ಬೀನ್ಸ್ ಕಾಳು ಹಾಕಿ ಕುದಿಸಿ, ಮರುದಿನ ಮತ್ತೆ ಕುದಿಸುವ 'ರಿಬೊಲ್ಲೀತಾ' ಒಕ್ಕಲು ಮಕ್ಕಳ ಊಟ. ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಹೋದರೆ ಆಲಿವ್ ಗಾಣ ತಿರುಗುತ್ತಿರುತ್ತದೆ. ಸುಟ್ಟ ಬ್ರೆಡ್ಡಿನ ಮೇಲೆ ಹಸಿರು ಬಣ್ಣದ ಹೊಸ ಎಣ್ಣೆ ಸುರಿದುಕೊಡುತ್ತಾರೆ. ಗಂಟಲಲ್ಲಿ ತುಸು ಖಾರವೆನಿಸಿದರೆ ಅದು ಎಣ್ಣೆ ತಾಜಾ ಎಂಬುದರ ಗುರುತು.

ದಕ್ಷಿಣಕ್ಕೆ, ನೇಪಲ್ಸ್ ನಗರದಾಚೆ ಪೆಸ್ತುಮ್ ಬಳಿ ಗ್ರೀಕರ ಪುರಾತನ ದೇವಾಲಯಗಳಿವೆ, ಪಕ್ಕದಲ್ಲೇ ಎಮ್ಮೆಯ ಹಟ್ಟಿಗಳಿವೆ. ಇವು ನಮ್ಮ ಮುರ್‍ರಾ ಎಮ್ಮೆಗಳ ಬಳಗಕ್ಕೇ ಸೇರಿದವು. ಈ ಹಾಲಿನಿಂದಲೇ ಹೆಸರಾಂತ 'ಮೊಜರೆಲ್ಲಾ' ಆಗುತ್ತದೆ. ಬಿಸಿನೀರಿನಲ್ಲಿ ಎಳೆದು, ಹೆಬ್ಬೆರಳು ತೋರುಬೆರಳುಗಳಿಂದ ಚಿವುಟಿ ಉಂಡೆ ಮಾಡುವುದರಿಂದ ಈ ಹೆಸರು ಬಂತು. ಮಾಡಿದ ದಿನವೇ ತಿಂದರೆ ಅದರ ರುಚಿ.

ಪುಲಿಯಾದ ಪಾಠ

ಹಿಮ್ಮಡಿಯಂತೆ ಚಾಚಿರುವ ಪುಲಿಯಾದಲ್ಲಿ ಕೋಟೆಯಂಥ ಒಕ್ಕಲುಮನೆಗಳಿವೆ. ಒಣಗಿಸಿದ ಫಾವಾ ಕಾಳನ್ನು ಬೇಯಿಸಿ ನುಣ್ಣಗೆ ಮಾಡಿ, ಜೊತೆಗೆ ಕಹಿ ಸೊಪ್ಪು ಬೇಯಿಸಿ, ಆಲಿವ್ ಎಣ್ಣೆ ಹಾಕಿ ಕೊಡುತ್ತಾರೆ. ನಮ್ಮ ಬಸ್ಸಾರಿನ ಸೊಪ್ಪು ಕಾಳು ಇಷ್ಟಪಡುವವರಿಗೆ ಇದು ಹಿಡಿಸುತ್ತದೆ.

ಆದರೆ ಈ ಸೀಮೆಯ ಊಟಕ್ಕೆ ಆಧಾರವಾದ ಆಲಿವ್ ಮರಗಳಿಗೇ ಕುತ್ತು ಬಂದಿದೆ. 2013ರಲ್ಲಿ ಕ್ಸೈಲೆಲ್ಲಾ ಎಂಬ ಬ್ಯಾಕ್ಟೀರಿಯಾ ಇಲ್ಲಿ ಪತ್ತೆಯಾಯಿತು. ರಸ ಹೀರುವ ಕೀಟದ ಮೂಲಕ ಮರದಿಂದ ಮರಕ್ಕೆ ಹರಡಿ, ನೀರು ಸಾಗಿಸುವ ನಾಳಗಳನ್ನು ಅದು ಕಟ್ಟಿಹಾಕುತ್ತದೆ. ಶತಮಾನಗಳ ವಯಸ್ಸಿನವೂ ಸೇರಿ ಲಕ್ಷಗಟ್ಟಲೆ ಮರಗಳು ಒಣಗಿದವು. ಮಧ್ಯ ಅಮೆರಿಕಾದಿಂದ ತಂದ ಕಾಫಿ ಗಿಡದೊಡನೆ ರೋಗಾಣು ಬಂದಿರಬೇಕೆಂದು ವಂಶವಾಹಿ ಅಧ್ಯಯನಗಳು ಸೂಚಿಸಿವೆ. ಎಣ್ಣೆ ಗಾಣ ನಿಂತರೆ ಊಟದ ಮನೆಯೂ ನಿಲ್ಲುತ್ತದೆ. ಇದನ್ನು ನೋಡಿ ನಮ್ಮ ಪ್ರವಾಸಿಗಳು ಕಲಿಯಬೇಕಾದದ್ದಿದೆ. ಒಳ್ಳೆಯ ತಳಿ ಕಂಡೊಡನೆ ಬೀಜ, ಕಡ್ಡಿ, ಸಸಿ ಜೇಬಿಗೆ ಹಾಕಿಕೊಂಡು ಬರಬೇಡಿ. ಆಮದು ಪರವಾನಗಿ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಅವನ್ನು ತರುವುದು ಕಾನೂನಿಗೂ ವಿರುದ್ಧ.

ನೆನಪಿಡಬೇಕಾದ ಕೆಲವು ಮಾತುಗಳು

1. ಮುಂಚಿತವಾಗಿ ಫೋನ್ ಮಾಡಿ ಊಟ ಹೇಳಿಡಿ. ಅನೇಕ ಮನೆಗಳು ವಾರದ ಕೊನೆಯಲ್ಲಿ ಮಾತ್ರ ಅಡುಗೆ ಮಾಡುತ್ತವೆ.

2. ಮಧ್ಯಾಹ್ನದ ಊಟ ಸುಮಾರು 12-30ರಿಂದ 2-30ರವರೆಗೆ, ರಾತ್ರಿಯದು 7-30ರ ನಂತರ. ನಡುವೆ ಹೋದರೆ ಒಲೆ ಆರಿರುತ್ತದೆ.

3. ಹೊಲದ ಮನೆ ಸಿಗದ ಕಡೆ 'ತ್ರತ್ತೊರಿಯಾ' ಎಂಬ ಸಣ್ಣ ಊಟದ ಮನೆ ನೋಡಿ. ಮಧ್ಯಾಹ್ನ ಊರಿನ ಕೆಲಸಗಾರರು ಎಲ್ಲಿ ಕುಳಿತಿದ್ದಾರೋ ಅಲ್ಲಿ ಹೋಗಿ. ಬೇಸಿಗೆ ಮತ್ತು ಶರತ್ಕಾಲದಲ್ಲಿ 'ಸಾಗ್ರಾ' ಎಂಬ ಊರ ಹಬ್ಬಗಳಲ್ಲಿ ಆ ಊರಿನ ಒಂದು ಬೆಳೆಯ ಅಡುಗೆಯನ್ನು ಊರವರೇ ಮಾಡಿ ಉದ್ದನೆಯ ಮೇಜುಗಳಲ್ಲಿ ಬಡಿಸುತ್ತಾರೆ.

4. ಅನೇಕ ಕಡೆ ತಲೆಗಿಷ್ಟೆಂದು 'ಕೊಪೆರ್ತೊ' ಎಂಬ ಸಣ್ಣ ಶುಲ್ಕವನ್ನು ಬಿಲ್ಲಿಗೆ ಸೇರಿಸುತ್ತಾರೆ. ಇದು ಮೋಸವಲ್ಲ, ಅಲ್ಲಿಯ ರೂಢಿ.

5. ಸಸ್ಯಾಹಾರಿಗಳು ಹೇಳಿಡುವಾಗಲೇ 'ಸೆಂಜಾ ಕಾರ್ನೆ, ಸೆಂಜಾ ಪೇಶೆ', ಎಂದರೆ ಮಾಂಸ ಬೇಡ, ಮೀನು ಬೇಡ ಎನ್ನಬೇಕು. ತರಕಾರಿ ಸಾರಿಗೂ ಮಾಂಸದ ರಸ, ರೊಟ್ಟಿಗೆ ಹಂದಿಯ ಕೊಬ್ಬು ಸೇರಿರಬಹುದು. ಪಾರ್ಮಿಜಾನೊ ಹೆಪ್ಪಿಗೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಕಟ್ಟುನಿಟ್ಟಿನವರು ಇದನ್ನು ತಿಳಿದಿರಬೇಕು.

6. ಕೊನೆಯದಾಗಿ, ಊಟ ಮುಗಿದೊಡನೆ ಎದ್ದು ಬರಬೇಡಿ. ಮನೆಯ ಯಜಮಾನನನ್ನೋ ಯಜಮಾನಿಯನ್ನೋ ಮಾತನಾಡಿಸಿ. ಜಮೀನು ಎಷ್ಟು, ಅತಿಥಿಗಳು ವರ್ಷದಲ್ಲಿ ಎಷ್ಟು ತಿಂಗಳು ಬರುತ್ತಾರೆ, ಬಾರದ ತಿಂಗಳಲ್ಲಿ ಏನು ಮಾಡುತ್ತೀರಿ, ಮಕ್ಕಳು ಬೇಸಾಯಕ್ಕೆ ಉಳಿದಿದ್ದಾರೆಯೇ ಎಂದು ಕೇಳಿ. ಉತ್ತರಗಳನ್ನು ಬರೆದಿಟ್ಟುಕೊಂಡು ಬಂದು ನಿಮ್ಮ ಊರಿನ ರೈತರ ಸಭೆಯಲ್ಲಿ ಓದಿ. ಅತಿಥಿಗಳಿಗೆ ಊಟ ಹಾಕುವ ಯೋಚನೆ ನಮ್ಮಲ್ಲೂ ಕೆಲವರಿಗೆ ಬಂದಿದೆ. ಹೊಲವನ್ನು ಬಿಡದೆ ಆ ಕೆಲಸ ಮಾಡುವ ಬಗೆಯನ್ನು ಅವರು ಮೊದಲು ತಿಳಿದುಕೊಳ್ಳಲಿ.