ನೀರಿಲ್ಲದ ಊರಿಗೇ ಏಕೆ ಬಂತು ಚಿಕುನ್‌ಗುನ್ಯಾ?

2006ರ ಚಿಕುನ್‌ಗುನ್ಯಾ ನೆನಪಿದೆಯಾ? ಜ್ವರ ಮೂರ್ನಾಲ್ಕು ದಿನಕ್ಕೆ ಬಿಟ್ಟರೂ ಕೀಲುನೋವು ತಿಂಗಳುಗಟ್ಟಲೆ ಬಿಡಲಿಲ್ಲ. ಬೆಳಿಗ್ಗೆ ಎದ್ದರೆ ಪಾದ ನೆಲಕ್ಕೂರಲು ಆಗದು, ಲೋಟ ಹಿಡಿಯಲು ಬೆರಳು ಮಡಚದು. ಆ ವರ್ಷ ಕರ್ನಾಟಕವೊಂದರಲ್ಲೇ ಶಂಕಿತ ಪ್ರಕರಣಗಳು 7.5 ಲಕ್ಷ ದಾಟಿದವು. ದೇಶದಲ್ಲೇ ಅತಿ ಹೆಚ್ಚು. ಕಲಬುರಗಿ, ಬೀದರ್, ರಾಯಚೂರು, ಬಳ್ಳಾರಿ, ಚಿತ್ರದುರ್ಗ, ತುಮಕೂರು, ಕೋಲಾರ... ಹೆಸರುಗಳನ್ನು ಗಮನಿಸಿ. ಎಲ್ಲವೂ ನೀರಿಗೆ ಪರದಾಡುವ ಬಯಲುಸೀಮೆ.

ಈ ರೋಗದ ಚರಿತ್ರೆ ಶುರುವಾಗುವುದೂ ಅಂಥದೇ ನೆಲದಲ್ಲಿ. 1952, ಇಂದಿನ ಟಾಂಜಾನಿಯಾದ ಮಾಕೊಂಡೆ ಪ್ರಸ್ಥಭೂಮಿ. ಹೊಳೆ, ಕೆರೆ ಅಪರೂಪ. ದೂರದಿಂದ ಹೊತ್ತು ತಂದ ನೀರನ್ನು ಗುಡಿಸಲೊಳಗೇ ತುಂಬಿಡಬೇಕು. ರೋಗ ಹರಡುವ ಈಡಿಸ್ ಸೊಳ್ಳೆ ಬೆಳೆದದ್ದು ಆ ಪಾತ್ರೆಗಳಲ್ಲಿ.

ಭಾರತದಲ್ಲಿ ಅದು ಕಾಣಿಸಿಕೊಂಡದ್ದು 1963ರಲ್ಲಿ ಕೋಲ್ಕತ್ತದಲ್ಲಿ, ಮರುವರ್ಷ ಚೆನ್ನೈನಲ್ಲಿ, 1973ರಲ್ಲಿ ಮಹಾರಾಷ್ಟ್ರದ ಬಾರ್ಸಿಯಲ್ಲಿ. ಆಮೇಲೆ ಮೂರು ದಶಕ ಇಲ್ಲಿ ಅದು ದೊಡ್ಡದಾಗಿ ತಲೆ ಎತ್ತಲಿಲ್ಲ. ಒಮ್ಮೆ ಸೋಂಕು ತಗುಲಿದವರಿಗೆ ಬಹುಕಾಲ ರಕ್ಷಣೆ ಉಂಟು ನಿಜ, ಆದರೆ ಈ ನಡುವೆ ಹುಟ್ಟಿದ ಇಡೀ ಪೀಳಿಗೆಗೆ ಅದು ಎಲ್ಲಿಂದ ಬರಬೇಕು?

2004ರಲ್ಲಿ ಕೀನ್ಯಾದ ಲಾಮು ದ್ವೀಪಕ್ಕೆ ಬರ ಬಿತ್ತು. ಜನ ಸಿಕ್ಕಿದ್ದರಲ್ಲಿ ನೀರು ಕೂಡಿಟ್ಟರು. ಬಳಿಕ ರಕ್ತ ಪರೀಕ್ಷಿಸಿದರೆ ನೂರಕ್ಕೆ 75 ಜನರಿಗೆ ಸೋಂಕು ತಗುಲಿಹೋಗಿತ್ತು! ಅದೇ ಅಲೆ ಹಿಂದೂ ಮಹಾಸಾಗರದ ದ್ವೀಪಗಳನ್ನು ಹಾಯ್ದು 2005ರ ಕೊನೆಗೆ ನಮ್ಮನ್ನು ಮುಟ್ಟಿತು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2017-18ರಲ್ಲಿ 15 ರಾಜ್ಯಗಳಲ್ಲಿ ಸಂಗ್ರಹಿಸಿದ ರಕ್ತದ ಮಾದರಿಗಳಲ್ಲಿ ಹಳೆಯ ಸೋಂಕಿನ ಗುರುತು ಸಿಕ್ಕಿದ್ದು ಶೇ. 18ರಷ್ಟು ಜನರಲ್ಲಿ. ದಕ್ಷಿಣದಲ್ಲಿ ಮಾತ್ರ ಶೇ. 43. ಒಟ್ಟಾರೆ ಹಳ್ಳಿಗಳಲ್ಲಿ ಶೇ. 11.5 ಇದ್ದದ್ದು ನಗರಗಳಲ್ಲಿ ಶೇ. 40.2. ಈಡಿಸ್ ಸೊಳ್ಳೆ ಹೆಚ್ಚು ದೂರ ಹಾರುವುದಿಲ್ಲ, ಕಚ್ಚುವುದು ಹಗಲಲ್ಲಿ. ಒತ್ತೊತ್ತಾಗಿ ಮನೆಗಳಿರುವ ಬೀದಿಯಲ್ಲಿ ಅದಕ್ಕೆ ದೂರ ಹೋಗುವ ಅಗತ್ಯವೂ ಇಲ್ಲ.

ಇಷ್ಟಾದರೂ ನೀರು ತುಂಬಿಟ್ಟವರನ್ನೇ ಗದರಿಸುತ್ತೇವಲ್ಲ, ಅದು ಅನ್ಯಾಯ. ವಾರಕ್ಕೊಮ್ಮೆ ನಲ್ಲಿ ಬಿಡುವ ಊರಿನಲ್ಲಿ ಅವರು ಇನ್ನೇನು ಮಾಡಿಯಾರು? ನಲ್ಲಿ ದಿನವೂ ಬರುವಂತೆ ಮಾಡುವುದು ಕೂಡ ಸೊಳ್ಳೆ ನಿಯಂತ್ರಣವೇ.

ಅಲ್ಲಿಯವರೆಗೆ ಒಂದು ಕೆಲಸ. ಡ್ರಮ್ಮಿನೊಳಕ್ಕೆ ಟಾರ್ಚ್ ಬಿಟ್ಟು ನೋಡಿ. ನೀರಿನ ಮಟ್ಟಕ್ಕಿಂತ ತುಸು ಮೇಲೆ, ಒಳಮೈಗೆ ಅಂಟಿಕೊಂಡ ಸಣ್ಣ ಕಪ್ಪು ಚುಕ್ಕೆಗಳೇ ಮೊಟ್ಟೆ. ನೀರು ಚೆಲ್ಲಿದ ಮಾತ್ರಕ್ಕೆ ಅವು ಸಾಯುವುದಿಲ್ಲ. ತಿಂಗಳುಗಟ್ಟಲೆ ಒಣಗಿದ್ದು, ಮತ್ತೆ ನೀರು ತಾಗಿದರೆ ಒಡೆಯುತ್ತವೆ, ವಾರ ಹತ್ತು ದಿನದಲ್ಲಿ ಸೊಳ್ಳೆಯಾಗುತ್ತವೆ. ಹಾಗಾಗಿ ವಾರಕ್ಕೊಮ್ಮೆ ಡ್ರಮ್ಮು ಬರಿದು ಮಾಡಿ, ಒಳಮೈಯನ್ನು ಬ್ರಷ್ಷಿನಿಂದ ಚೆನ್ನಾಗಿ ತಿಕ್ಕಿ ತೊಳೆಯಿರಿ. ಮುಚ್ಚಳವಿಲ್ಲದಿದ್ದರೆ ಬಾಯಿಗೆ ಬಟ್ಟೆ ಬಿಗಿದು ಕಟ್ಟಿ.